ನೀ ಹೇಳಿದ ಬುಧವಾರ

ಚಿಕ್ಕೇರೂರು, ತಾ. ಹಿರೇಕೆರೂರು
ದಿ. ೧೭-೭-೨೦೨೫, ಗುರುವಾರ

ನನ್ನ ಮಗನ, ಸುದೀಪಾ,

ಹೆಂಗದಿಯಪಾ? ಬೆನ್ನುನೋವು ಕಡಿಮಿ ಆತೇನು? ಕೆಳಗ ಮಲಗಾಕ ಬರೇ ಚಾಪಿ ಕೊಡ್ತಾರ, ಎರಡೂ ಹೊತ್ತು ಅನ್ನಾನ ಹಾಕ್ತಾರ ಅಂತ ಶಿವಾನಂದ ವಕೀಲ್ರು ಹೇಳಿದ್ರು. ರೊಟ್ಟಿ ಇಲ್ದ ನಿನಗ ಹೊಟ್ಟಿ ತುಂಬಂಗಿಲ್ಲ. ಉಂಡು ಅರ್ಧಾ ತಾಸಿಗೆ ಮತ್ತ ಅಡಿಗಿಮನಿ ಡಬ್ಬಿ ತಗದು ನೋಡೋ ಹುಡುಗ ನೀನು. ಆದ್ರೂ ಕೊಟ್ಟಷ್ಟು ಉಣ್ಣು, ಸಿಟ್ಟಿಲೆ ತಾಟು ಸರಸಬ್ಯಾಡ. ನಾ ಬರೆದಿದ್ದನ್ನ ಅಲ್ಲಿ ಜೈಲಿನ ಸಾಹೇಬ್ರು ಮೊದಲ ಓದಿ ಆಮ್ಯಾಲ ನಿನಗ ಕೊಡ್ತಾರಂತ. ಓದ್ಲಿ. ಓದೋ ಸಾಹೇಬ್ರ, ನಿಮಗೂ ನಮಸ್ಕಾರ್ರಿ. ಏಳನೇತ್ತಾ ತನಕಾ ಸಾಲಿ ಕಲ್ತಾಕಿ ನಾನು, ಅಕ್ಷರ ಸೊಟ್ಟ ಅದಾವು, ಬ್ಯಾಸರ ಮಾಡ್ಕೊಬ್ಯಾಡ್ರಿ. ಪೂರಾ ಓದ್ರಿ, ನಡುವ ಕರೀ ಶಾಯಿ ಮಾತ್ರ ಹೊಡಿಬ್ಯಾಡ್ರಿ.

ಇಲ್ಲಿ ಮಳಿ ಛಲೋ ಆಗೇತಿ. ಗೋವಿನಜ್ವಾಳ ಮೊಣಕಾಲುದ್ದ ಬಂದೈತಿ. ನಿಮ್ಮಪ್ಪ ಹೊಲಕ್ಕ ಹೋಗ್ತಾರ, ಬರ್ತಾರ, ಉಣ್ತಾರ, ಅಷ್ಟ. "ಪರಮೇಶಪ್ಪಾರ" ಅಂತ ಕೂಗಿ ಕೂಗಿ ಚಾ ಕುಡ್ಯಾಕ ಕರೀತಿದ್ದ ಮಂದಿ ಈಗ ಇವರನ್ನ ಕಂಡ್ರ ಚಪ್ಪಲಿ ಹುಡುಕ್ಕೊಂತ ಬಗ್ಗತಾರ. ಟೀವಿಯವ್ರು ಬಂದಾಗ ನಮ್ಮ ಬಾಗ್ಲಾ, ನಮ್ಮ ಎಮ್ಮಿ, ತಂತಿ ಮ್ಯಾಲ ಒಣಗಾಕ ಹಾಕಿದ್ದ ನಿನ್ನ ಅಂಗಿ ಎಲ್ಲಾ ತೋರಿಸಿದ್ರಂತ, ಕೆಳಗ ಗೂಢಚಾರನ ಮನಿ ಅಂತ ಬರೆದಿದ್ರಂತ. ಹಾಲಿನ ಡೇರಿಯಾಗ ದುರಗವ್ವ ಎಲ್ಲಾರ ಮುಂದ, "ಹಾಲು ಕುಡಿಸಿ ಹಾವು ಸಾಕಿದಿಯಲ್ಲಬೇ ವೀರವ್ವಾ" ಅಂದ್ಲು. ಆಕಿ ಬಾಣಂತನಕ್ಕ ನಾ ಹದಿನೈದು ದಿನಾ ಎರೆದು ಹಾಕೇನಿ, ನೆನಪಿರಬೇಕಿತ್ತಲ್ಲ. ನನಗ ಬಾಯಿ ಇಲ್ಲಂತಲ್ಲ, ನಿನಗ ಗೊತ್ತೈತಿ ನನ್ನ ಬಾಯಿ ಎಂಥಾದ್ದಂತ. ಆದ್ರ ಅವತ್ತು ಕ್ಯಾನು ಅಲ್ಲೇ ಬಿಟ್ಟು ಮನಿಗೆ ಬಂದೆ. ಬಾಜೂ ಹೊಲದ ಇನಾಯತ ಒಬ್ಬನ, ಯಾರೂ ಕರೀದ, ತನ್ನ ಎತ್ತು ಹೂಡ್ಕೊಂಡು ಬಂದು ನಮ್ಮ ಹೊಲಾ ಎಡಿ ಹೊಡದು ಹೋದ. ಅವಗ ಒಂದು ಲೋಟ ಮಜ್ಜಿಗಿ ಕೊಟ್ಟು ಒಳಗ ಬಂದು ಅತ್ತೆ.

ಈಗ ಒಂದು ಮಾತು ಹೇಳಬೇಕು. ಅದ್ರಾಗ ನಿನಗ ಗೊತ್ತಿದ್ದದ್ದು ಅರ್ಧ, ಗೊತ್ತಿಲ್ಲದ್ದು ಅರ್ಧ. ಓದೋ ಸಾಹೇಬ್ರಿಗೂ ತಿಳೀಲಿ ಅಂತ ಮೊದಲಿಂದ ಹೇಳ್ತೇನಿ, "ಗೊತ್ತಿದ್ದದ್ದನ್ನ ಎಷ್ಟು ಸಲ ಹೇಳ್ತಿ ಅವ್ವಾ" ಅನಬ್ಯಾಡ. ನೀ ಬಂದರದಾಗ ಯುದ್ಧದ ಹಡಗ ರಿಪೇರಿ ಮಾಡೋ ಕಡೆ ವೆಲ್ಡರ್ ಆಗಿ ಸೇರಿ ಎರಡು ವರ್ಷ ಆಗಿತ್ತು. ಫೋನಿನ್ಯಾಗ ನೀಲಾ ಅನ್ನೋ ಹುಡಿಗಿ ಗುರ್ತಾಗ್ಯಾಳ, ಸೊಲ್ಲಾಪುರದಾಕಿ, ಬ್ಯಾಂಕಿನ್ಯಾಗ ಅದಾಳ, ಮದುವಿ ಅಂತ ಆದ್ರ ಆಕೀನ್ನ ಅಂದಿ. ನಿಮ್ಮಪ್ಪ ಕುಲಾ ಕೇಳಿದ್ರು, ನಾ ಅಡಿಗಿ ಬರತೈತೇನು ಅಂತ ಕೇಳಿದೆ. ನನ್ನ ನಂಬರ್ ಆಕಿಗೆ ನೀನ ಕೊಟ್ಟಿ. ಮೊದಲನೇ ಸಲ ಫೋನ್ ಮಾಡಿದಾಗ ಆಕಿ ಕನ್ನಡ ಕೇಳಿ ನಕ್ಕಿದ್ದೆ. ಅರ್ಧಾ ಮರಾಠಿ, ಅರ್ಧಾ ಹಿಂದಿ, ನಡುವ ನಮ್ಮ ಮಾತು. "ಅತ್ತಿ, ಊಟ ಆಯಿತಾ ನೀನು?" ಅಂತಿದ್ಲು. ನಾನ ಕುಂತು ಕಲಿಸಿದೆ, ಹಂಗಲ್ಲವಾ, "ಉಂಡ್ರಿ ಏನ್ರಿ ಅತ್ತಿ" ಅನ್ನಬೇಕು ಅಂತ. ಎರಡು ತಿಂಗಳದಾಗ ನಮ್ಮ ಓಣ್ಯಾಗಿನ ಹುಡಿಗಿ ಆದಂಗ ಆದ್ಲು ನೋಡು. ಎಣ್ಣಿಗಾಯಿ ಹೆಂಗ ಮಾಡೂದು, ಗುರೆಳ್ಳ ಚಟ್ನಿಗೆ ಬೆಲ್ಲಾ ಎಷ್ಟು, ಎಲ್ಲಾ ಕೇಳೋಳು. ನಿನಗಿಂತ ಹೆಚ್ಚು ನನ್ನ ಕೂಡ ಮಾತಾಡತಿದ್ಲು.

ನೀ ಹಡಗದ ಕೂಡ ಪರೀಕ್ಷಾಕ್ಕಂತ ಸಮುದ್ರಕ್ಕ ಹೋದಾಗೆಲ್ಲಾ ನಾ ಒಪ್ಪತ್ತು ಇರತಿದ್ದೆ. ಮಗ ನೀರಿನ ಮ್ಯಾಲ ಇರೋತನಕಾ ಒಂದ ಹೊತ್ತು ಊಟ. ಅದಕ್ಕ ಎಂದು ಹತ್ತತಿ, ಎಂದು ಇಳೀತಿ ಅಂತ ನಿನಗ ಜೀವಾ ತಿಂದು ಕೇಳತಿದ್ದೆ. ಹೇಳಬಾರದು ಅವ್ವಾ, ಹೇಳಬಾರದು ಅಂತಿದ್ದಿ, ಕಡೀಕ ನನ್ನ ಕಾಟ ತಾಳಲಾರದ ಹೇಳತಿದ್ದಿ. ಅಡಿಗಿಮನಿ ಕ್ಯಾಲೆಂಡರದಾಗ ಅರಿಷಿಣ ಹಚ್ಚಿ ಗುರ್ತು ಮಾಡತಿದ್ದೆ. ಒಂದಿನ ನೀಲಾ, "ಯಾಕತ್ತಿ ದನಿ ಸಣ್ಣ ಆಗೇತಿ?" ಅಂದ್ಲು. ಒಪ್ಪತ್ತು ಅದೇನಿ ಅಂದೆ. ಯಾಕ ಅಂದ್ಲು, ಹೇಳಿದೆ. "ಹಂಗಾರ ನಾನೂ ನಿಮ್ಮ ಕೂಡ ಒಪ್ಪತ್ತು ಇರತೇನಿ ಅತ್ತಿ. ಅವರು ಎಂದು ಹತ್ತತಾರ, ಎಂದು ಇಳೀತಾರ ನನಗೂ ಹೇಳ್ರಿ" ಅಂದ್ಲು. ಸುದೀಪಾ, ನನ್ನ ಕಣ್ಣಾಗ ನೀರು ಬಂತೋ. ಈಗಿನ ಕಾಲದಾಗ ಯಾವ ಹುಡಿಗಿ ಹಿಂಗ ಅಂತಾಳ? ಹೇಳಿದೆ. ಅವತ್ತೂ ಹೇಳಿದೆ, ಮುಂದನೂ ಪ್ರತಿ ಸಲ ಹೇಳಿದೆ. ಇದನ್ನ ನಿನಗ ಹೇಳಿರಲಿಲ್ಲ. ಹೆಣ್ಣಮಕ್ಕಳ ವ್ರತ, ಗಂಡಸರಿಗ್ಯಾಕ ಅಂತ ಆಕೀನೂ ಅಂದ್ಲು, ನಾನೂ ಹೂಂ ಅಂದೆ.

ಸಂಕ್ರಾಂತಿ ಆದಮ್ಯಾಲ ಗೊಟಗೋಡಿಗೆ ಹೋಗಿದ್ದು ನಿನಗ ಗೊತ್ತೈತಿ. ಸೀದಾ ಮನಿಗೆ ಬರಾಕ ನೀಲಾಗ ನಾಚಿಕಿ, ಅಲ್ಲಿ ರಾಕ್ ಗಾರ್ಡನ್‌ದಾಗ ಭೆಟ್ಟಿ ಆಗ್ತೇನಿ ಅಂದಿದ್ಲು. ನಿಮ್ಮಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ರು. ನಾ ಉಡಿ ತುಂಬಾಕ ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಾನಗಲ್ಲಾಗ ತಗೊಂಡ ಹಸರ ಸೀರಿ, ಎಲ್ಲಾ ಚೀಲದಾಗ ಹಾಕ್ಕೊಂಡಿದ್ದೆ. ಮುಂಜಾನಿ ಹತ್ತಕ್ಕ ಹೋದವ್ರು ಸಂಜಿ ಐದರ ತನಕಾ ಗೇಟಿನ್ಯಾಗ ನಿಂತಿವಿ. ಒಳಗ ಹೋಗಿ ಕುಂಡ್ರೂಣು ಅಂದ್ರ ಬಂದು ಹುಡುಕ್ಯಾಡಿದ್ರ ಹೆಂಗ ಅಂತ ನಾನ ಬಿಡಲಿಲ್ಲ. ರೈಲು ತಪ್ಪೇತಿ ಅಂತ ಫೋನ್ ಬಂತು, ಅತ್ತಂಗ ಮಾಡಿದ್ಲು, ನಾನ ಸಮಾಧಾನ ಹೇಳಿದೆ. ಬಸ್ಸಿನ್ಯಾಗ ನಿಮ್ಮಪ್ಪ, "ಏನೋ ಸರಿ ಇಲ್ಲಲೇ ಇದು" ಅಂದ್ರು. ನಿಮಗ ಎಲ್ಲಾದ್ರಾಗೂ ಸಂಶೆ ಅಂತ ಅವರ ಮ್ಯಾಲ ಹರಿಹಾಯ್ದೆ.

ಮೇ ತಿಂಗಳದಾಗ ನಿನ್ನ ಹಿಡಕೊಂಡು ಹೋದ್ರು. ಆಕಿ ನಂಬರ್ ಬಂದ್ ಆತು, ಆಕಿ ಫೋಟೋ ಬ್ಯಾರೆ ಯಾರದೋ ಅಂತ, ಹೆಸರೂ ಸುಳ್ಳಂತ, ಇದ್ದದ್ದು ಗಡಿ ಆಚೆಕಂತ. ನನ್ನ ಫೋನೂ ಒಯ್ದ್ರು. ಏನು ಮಾತಾಡತಿದ್ರಿ ಅಂತ ಕೇಳಿದಾಗ ಮದುವಿ ಮಾತು, ಅಡಿಗಿ ಮಾತು ಅಂದೆ. ಒಪ್ಪತ್ತಿನ ಮಾತು ನೆನಪಿಗೇ ಬರಲಿಲ್ಲ ಅಂದ್ರ ನೀ ನಂಬತೀಯೋ ಇಲ್ಲೋ, ಖರೇ ಬರಲಿಲ್ಲ. ದೇವರ ಮಾತದು, ಸರ್ಕಾರದ್ದು ಅಂತ ನನಗೆಲ್ಲಿ ಗೊತ್ತು. ನೀ ಅಲ್ಲಿ, ತಾರೀಖ ಎಲ್ಲಾ ನಾನ ಆಕಿಗೆ ಹೇಳೇನಿ ಅಂತ ಒಪ್ಪಿಕೊಂಡಿ ಅಂತ ವಕೀಲ್ರು ಹೇಳಿದಾಗ ನಾ ನಿನ್ನ ಬೈದೆ, ಹೆಣ್ಣಿನ ಹುಚ್ಚಿಗೆ ದೇಶ ಮರತ ಅಂತ ಬೈದೆ. ಅದೊಂದು ಮಾತಿಗೆ ನನ್ನ ನಾಲಿಗಿ ಸೀಳಬೇಕು.

ಹತ್ತು ದಿನದ ಹಿಂದ ನಿನ್ನ ಕೇಸು ನೋಡೋ ದಿಲ್ಲಿ ಸಾಹೇಬ್ರು ಎರಡನೇ ಸಲ ಬಂದಿದ್ರು. ಕನ್ನಡ ಬರಂಗಿಲ್ಲ ಅವರಿಗೆ. ಹಿರೇಕೆರೂರು ಠಾಣೆದ ಅಂಬರೀಶ ಪೊಲೀಸ ಮಾತು ತಿರುಗಿಸಿ ಹೇಳತಿದ್ದ. ಆಕಿಗೆ ಮುಟ್ಟಿದ್ದು ಆರು ತಾರೀಖಂತ. ನಾಕು ಸರಿ ಅದಾವು, ಎರಡು ತಪ್ಪು. ಹಡಗ ಹೊಂಟಿದ್ದು ನವೆಂಬರ್ ಹನ್ನೆರಡು, ಆಕಿಗೆ ಹೋಗಿದ್ದು ಹದಿಮೂರು. ಹೊಂಟಿದ್ದು ಫೆಬ್ರುವರಿ ನಾಕು, ಆಕಿಗೆ ಹೋಗಿದ್ದು ಐದು. "ಹಡಗ ಹತ್ತಿದವಗ ತಾ ಹತ್ತಿದ ದಿನ ತಪ್ಪತೈತೇನ್ರಿ ಅಮ್ಮಾರ? ನಿಮ್ಮ ಮಗನ್ನ ಕೇಳಿದ್ರ ನಾನ ತಪ್ಪಿ ಹೇಳೇನಿ ಅಂತಾನ, ಬ್ಯಾರೆ ಮಾತಿಲ್ಲ. ನಿಮಗೇನರ ಗೊತ್ತೈತೇನು?" ಅಂತ ಕೇಳಿದ. ಇಲ್ಲಪಾ ಅಂದೆ. ಅವ್ರು ಹೋದ ಮ್ಯಾಲ ಅಡಿಗಿಮನ್ಯಾಗ ಹೋದೆ. ಈ ವರ್ಷದ ಕ್ಯಾಲೆಂಡರಿನ ಕೆಳಗ, ಅದ ಮೊಳಿಗೆ ಹೋದ ವರ್ಷದ್ದೂ ಐತಿ. ಕಾಗದಾ, ಫೋನು, ನಿನ್ನ ಸಾಲಿ ಪುಸ್ತಕ ಸೈತ ಒಯ್ದವ್ರು ಅದನ್ನ ಮುಟ್ಟಿರಲಿಲ್ಲ. ನವೆಂಬರ್ ಹದಿಮೂರರ ಮ್ಯಾಲ ಅರಿಷಿಣ. ಫೆಬ್ರುವರಿ ಐದರ ಮ್ಯಾಲ ಅರಿಷಿಣ. ಎರಡೂ ಬುಧವಾರ. ನೀ ಹೊಂಟಿದ್ದು ಎರಡೂ ಸಲ ಮಂಗಳವಾರ.

ಆವಾಗ ತಿಳೀತು ನನಗ. ಮೊದಲೊಮ್ಮೆ ಮಂಗಳವಾರ ಹತ್ತತೇನಿ ಅಂದಾಗ ನಾ ಅತ್ತು ಕರದು ರಂಪ ಮಾಡಿದ್ದೆ, ಮಂಗಳವಾರ ನಮ್ಮ ಮನ್ಯಾಗಿಂದ ಹೊಲ ದಾಟಿ ಯಾರೂ ಹೋಗಂಗಿಲ್ಲ, ನೀರಿನ ಮ್ಯಾಲ ಹೋಗ್ತೀಯೇನು ಅಂತ. ಅಂದಿನಿಂದ ಮಂಗಳವಾರ ಬಂದ್ರ ನನಗ ಬುಧವಾರ ಅಂತ ಹೇಳಾಕತ್ತಿದ್ದಿ. ಆ ಸುಳ್ಳು ನೀ ಹೇಳಿದ್ದು ಜಗತ್ತಿನ್ಯಾಗ ನನಗ ಒಬ್ಬಾಕಿಗೆ. ಅದ ಸುಳ್ಳು ಆಕಿ ಹಂತೇಕ ಸಿಕ್ಕೇತಿ ಅಂದ್ರ ಹೋಗಿದ್ದು ಎಲ್ಲಿಂದ? ಸಾಹೇಬ್ರು ಆ ಪಟ್ಟಿ ಮುಂದಿಟ್ಟಾಗಲೇ ನಿನಗ ತಿಳಿದಿರಬೇಕು. ತಿಳಿದ ಮ್ಯಾಲ ನಾನ ಹೇಳೇನಿ ಅಂದಿಯಲ್ಲೋ. ಎರಡೂವರಿ ತಿಂಗಳು ಚಾಪಿ ಮ್ಯಾಲ ಮಲಗಿದಿಯಲ್ಲೋ.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹತ್ತು ದಿನದಿಂದ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಸಾಯಾಕತ್ತೇನಿ. ನಿಮ್ಮಪ್ಪಗ ಹೇಳಿದೆ, ಅವರು ವಕೀಲ್ರಿಗೆ ಹೇಳಿದ್ರು. "ಬಾಯಿ ಬಿಡಬ್ಯಾಡ್ರಿ ಅವ್ವಾರ, ಒಂದ ಮನಿಯಿಂದ ಇಬ್ರು ಒಳಗ ಹೋಗೂದು ಬ್ಯಾಡ" ಅಂದ್ರು ವಕೀಲ್ರು. ನಾ ಸುಮ್ಮನಿದ್ದೆ. ಯಾಕ ಸುಮ್ಮನಿದ್ದೆ ಅಂದ್ರ ಹೆದರಿಕಿ ಆತು ಸುದೀಪಾ, ಬ್ಯಾರೆ ಏನಿಲ್ಲ. ಜೈಲಂದ್ರ ಹೆದರಿಕಿ, ಟೀವಿಯಾಗ ನನ್ನ ಮಾರಿ ಬಂದೀತು ಅಂತ ಹೆದರಿಕಿ. ಇನ್ನೊಂದು ಹೇಳ್ತೇನಿ, ಥೂ ಅನ್ನು ಬೇಕಾದ್ರ. ಮಧ್ಯಾಹ್ನ ಉಂಡು ಕುಂತಾಗ ಆಕಿ ದನಿ ನೆನಪಾಗ್ತೈತಿ. ಉಂಡ್ರಿ ಏನ್ರಿ ಅತ್ತಿ ಅಂತಿದ್ಲಲ್ಲ, ಅದು. ನಾ ಹಸಗೊಂಡು ಕುಂತಾಗ ಆಕಿ ಅಲ್ಲಿ ಹೊಟ್ಟಿ ತುಂಬ ಉಂಡು ಬರಕೊಳ್ಳಾಕತ್ತಿದ್ಲು ಅಂತ ಗೊತ್ತಿದ್ರೂ ನೆನಪಾಗ್ತೈತಿ. ಯಾವ ತಾಯಿ ಹಡದಾಳೋ ಆಕಿನ್ನ.

ಮೈ ಕಡೆ ಲಕ್ಷ ಇರಲಿ. ಯಾರ ಕೂಡನೂ ಜಗಳಾ ಮಾಡಬ್ಯಾಡ. ನಿಮ್ಮಪ್ಪ ಏನೂ ಬರಿ ಅನ್ನಲಿಲ್ಲ, ಆದ್ರ ನಾ ಪೆನ್ನು ಹಿಡಿದಾಗಿಂದ ಬಾಗಲ್ದಾಗ ಎರಡು ಸಲ ಬಂದು ನಿಂತು ಹೋದ್ರು, ಅದನ್ನ ಅವರ ಆಶೀರ್ವಾದ ಅಂತ ತಿಳಕೊ. ಬಸವಣ್ಣ ನಿನ್ನ ಕಾಯಲಿ.

ನಿನ್ನ ಅವ್ವ,
ವೀರವ್ವ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ, ಮತ್ತ ಬಿಚ್ಚೇನಿ. ನಿಮ್ಮಪ್ಪ ಹೊಲಕ್ಕ ಹೋದ ಮ್ಯಾಲ ಇನಾಯತನ ಫೋನಿಂದ ಅಂಬರೀಶಗ ಫೋನ್ ಹಚ್ಚಿ ಕರಸಿದೆ. ಎರಡೂ ಕ್ಯಾಲೆಂಡರ್ ಕೊಟ್ಟೆ, ಇದ್ದದ್ದು ಇದ್ದಂಗ ಹೇಳಿದೆ, ಸಹಿ ಮಾಡಿದೆ. ದಿಲ್ಲಿ ಸಾಹೇಬ್ರ ಮುಂದ ಇನ್ನೊಮ್ಮೆ ಹೇಳಬೇಕಂತ, ಕರ್ಕೊಂಡು ಹೋಗಾಕ ಜೀಪ ಬಂದೈತಿ. ಬರೇ ನಾ ಹೇಳಿದ್ರ ನಿಲ್ಲಂಗಿಲ್ಲಂತ, ಮಗನ್ನ ಉಳಸಾಕ ಮುದುಕಿ ಕತಿ ಕಟ್ಯಾಳ ಅಂತಾರಂತ. ಇಪ್ಪತ್ತೆಂಟನೇ ತಾರೀಖಿಗೆ ಕೋರ್ಟಿನ್ಯಾಗ ನಿನ್ನ ಕೇಳ್ತಾರ, ಅವ್ವಗ ಯಾವ ವಾರ ಅಂತ ಹೇಳಿದ್ದಿ ಅಂತ. ನನ್ನ ಮಾರಿ ನೋಡಬ್ಯಾಡ. ನನಗ ಐವತ್ತೆಂಟು, ನಿನಗ ಇಪ್ಪತ್ತೇಳು. ಅವ್ವಗ ಸುಳ್ಳು ಹೇಳಿದ್ದೆ, ಬುಧವಾರ ಅಂದಿದ್ದೆ ಅಂತ ಹೇಳಿಬಿಡು, ನನ್ನಪ್ಪಾ.