ಅಪ್ಪನಿಗೆ ಕಂಡ ಉಲ್ಕೆ

ಚಾಮರಾಜಪೇಟೆ
೧೪-೩-೧೯೭೯

ಪ್ರೀತಿಯ ಅಣ್ಣನಿಗೆ ಮಹಾನಂದಳ ನಮಸ್ಕಾರಗಳು.

ನಿನ್ನೆ ಸಂಜೆ ಏಳೂಕಾಲಿಗೆ ಇಲ್ಲಿ ದೊಡ್ಡ ಉಲ್ಕೆಯೊಂದು ಆಕಾಶದಲ್ಲಿ ಉರಿಯುತ್ತ ಹಾದುಹೋಯಿತು. ಹುಬ್ಬಳ್ಳಿಯಲ್ಲಿ ನಿನಗೂ ಕಂಡಿತೋ ಏನೋ. ಇಲ್ಲಿ ಅದನ್ನು ನನಗಿಂತ ಮೊದಲು ಕಂಡವರು ಅಪ್ಪ.

ನೀನು ಬಲವಂತವಾಗಿ ಒಂದು ಕಣ್ಣಿನ ಪೊರೆ ತೆಗೆಸಿದೆಯೆಂಬ ಸಿಟ್ಟಿಗೆ ಅವರು ಏನೂ ಕಾಣುವುದಿಲ್ಲವೆಂದೇ ಹಟ ಹಿಡಿದಿದ್ದರು. ಹೊಸ ಕನ್ನಡಕವನ್ನು ಮುಟ್ಟುತ್ತಿರಲಿಲ್ಲ. ನಿನ್ನೆ ಮಹಡಿಯ ಮೇಲಿನ ಬಟ್ಟೆ ತರಲು ಹೋಗುವಾಗ ನಾನೇ ಅದನ್ನು ಹಾಕಿಸಿ ಜೊತೆಗೆ ಕರೆದೊಯ್ದೆ. ಬಟ್ಟೆ ಮಡಿಸುತ್ತಿದ್ದೆ, ಅಪ್ಪ "ಮಹಾನಂದಾ, ಅಲ್ನೋಡೇ" ಎಂದರು. ತಿರುಗಿದರೆ ಬೀದಿಗೆ ಬೀದಿಯೇ ಹಗಲಾಗಿತ್ತು. ಹಗ್ಗದ ಮೇಲಿದ್ದ ಸೀರೆಗಳ ನೆರಳು ನೆಲದ ಮೇಲೆ ಓಡಿತು. ಉಲ್ಕೆ ಹನುಮಂತನಗರದ ಕಡೆಗೆ ಹೋಗಿ, ಎರಡು ಚೂರಾಗಿ ಆರಿತು.

ಎಂಥ ನೀಲಿ ಅಂದೆ.

"ನೀಲಿ ಅಲ್ಲ ಕಣೇ, ಹಸಿರು. ಬಾಲ ಮಾತ್ರ ಕೆಂಪಗಿತ್ತು. ನಿಂಗೇನು ಕಣ್ ಕಾಣ್ಸಲ್ವಾ?" ಎಂದು ಅಪ್ಪ ಗದರಿದರು.

ಅಣ್ಣಾ, ಎರಡು ವರ್ಷದಿಂದ ಅವರ ಬಾಯಲ್ಲಿ ಒಂದು ಬಣ್ಣದ ಹೆಸರನ್ನೂ ನಾನು ಕೇಳಿರಲಿಲ್ಲ.

ಮೆಟ್ಟಿಲಿಳಿಯುವಾಗ ಅವರು ನನ್ನ ಕೈ ಹಿಡಿಯಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ಇನ್ನೊಂದು ಕಣ್ಣಿಗೆ ನಿಮ್ಮಣ್ಣ ಯಾವಾಗ ಬರ್ತಾನಂತೆ, ಕೇಳು. ಅವನಿಲ್ದೆ ನಾನು ಆಸ್ಪತ್ರೆಗೆ ಹೋಗಲ್ಲ" ಎಂದರು.

ಮುಂದಿನ ಗುರುವಾರ ಡಾಕ್ಟರು ಬರಹೇಳಿದ್ದಾರೆ. ಬುಧವಾರ ರಾತ್ರಿಯ ರೈಲಿಗೆ ತಪ್ಪದೆ ಹೊರಡು. ಅಪ್ಪ ಜಗಲಿಯಲ್ಲಿ ಕೂತು, ಹೋಗಿಬರುವವರನ್ನೆಲ್ಲ ಅವರವರ ಹೆಸರು ಹಿಡಿದು ಕೂಗುತ್ತಿದ್ದಾರೆ.

ನಿನ್ನ ತಂಗಿ,
ಮಹಾನಂದ