ಹುಸೇನಬಿಯ ಹೆಸರಲ್ಲಿ ಹೇಳಿದ ಸುಳ್ಳು

ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕನಿಗೆ,

ನೀನು ನನ್ನಿಂದ ಕಾಗದ ಬರೆಸುವಾಗ "ಇತ್ತ ಎಲ್ಲರೂ ಕ್ಷೇಮ" ಎಂಬ ಸಾಲನ್ನು ಮೊದಲು ಹಾಕಿಸುತ್ತಿದ್ದೆ. ಇವತ್ತು ಅದನ್ನು ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ಎರಡು ತಿಂಗಳಾಯಿತು. ನಿನ್ನ ಮುಂದೆ ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ತಿದ್ದುವ ಮೊದಲೇ ನೀನು... ಅದಕ್ಕೇ ಈ ಕಾಗದ.

ಕಮಲಾಪುರದ ಮನೆಯ ಪಡಸಾಲೆಯಲ್ಲಿ ನೀನು ಮಲಗಿರುತ್ತಿದ್ದ ಮಧ್ಯಾಹ್ನಗಳು ಕಣ್ಣಿಗೆ ಕಟ್ಟಿದಂತಿವೆ. ಎದೆಯ ಗಂಟು ಒಡೆದು ಹುಣ್ಣಾಗಿತ್ತು, ತೋಳು ಬಾತಿತ್ತು. ನೋವಿನ ಜೊತೆಗೆ ಅಂಜಿಕೆ ಬೇರೆ. ಬಾಗಿಲು ಕಿರ್ರೆಂದರೂ ನೀನು ಬೆಚ್ಚಿಬೀಳುತ್ತಿದ್ದೆ. ಸೂಲಗಿತ್ತಿ ಹುಸೇನಬಿ ಬಂದು, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಹುಣ್ಣಿನ ಸನಿಹಕ್ಕೂ ಹೋಗದೆ, ಹಿಮ್ಮಡಿ, ಮೀನಖಂಡ, ಬೆನ್ನು, ಅಂಗೈ ಎಂದು ಮೆಲ್ಲಗೆ ತಿಕ್ಕುತ್ತಿದ್ದಳು. ಊರ ಬಾಣಂತಿಯರ ಸುದ್ದಿಯನ್ನೆಲ್ಲ ಹೇಳಿ ನಗಿಸುತ್ತಿದ್ದಳು. "ಈಕಿ ಕೈ ತಾಗಿದ್ರ ನಾ ಇನ್ನಾ ಮನುಷ್ಯಾಳು ಅನಸ್ತದ ನೋಡೋ ಬಸೂ" ಎಂದು ನೀನು ಒಮ್ಮೆ ಹೇಳಿದ್ದೆ. ಹೇಳುತ್ತಲೇ ನಿದ್ದೆ ಹೋಗಿದ್ದೆ.

ಬಂಡಿ ಕಟ್ಟಿ ನಿನ್ನನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದ ದಿನ ನಾನು ಶೇರವಾನಿ ತೊಟ್ಟಿದ್ದೆ. ಸರ್ಕಾರಿ ಕಚೇರಿಯ ಕಾರಕೂನ ಎಂದರೆ ಸುಮ್ಮನೆಯೇ? ಡಾಕ್ಟರು ನನ್ನನ್ನು ಹೊರಗೆ ಕರೆದು "ಸರ್ತಾನ್", ಅಂದರೆ ಅರ್ಬುದ ರೋಗ, ಎಂದರು. ವಾಸಿಯಾಗುವ ಬೇನೆಯಲ್ಲ ಎಂದರು. ತಿಕ್ಕಬಾರದು, ಮನೆಯಲ್ಲಿ ಯಾರಾದರೂ ತಿಕ್ಕುತ್ತಾರೇನು ಎಂದು ಕೇಳಿದರು. ಸೂಲಗಿತ್ತಿ ಎನ್ನಲು ನಾಚಿಕೆಯಾಯಿತು. ಯಾರೂ ಇಲ್ಲ ಎಂದೆ. ಅಲ್ಲಿ ಬಾಯಿ ಬಿಟ್ಟಿದ್ದರೆ ಅವರು ಬಿಡಿಸಿ ಹೇಳುತ್ತಿದ್ದರು.

ಮರುದಿನ ಹುಸೇನಬಿ ಬಂದಾಗ ಹೊಸ್ತಿಲಲ್ಲೇ ತಡೆದೆ.

"ಇನ್ನ ಬರಬ್ಯಾಡ. ತಿಕ್ಕಬಾರ್ದು ಅಂತ ಡಾಕ್ಟರ್ ಹೇಳ್ಯಾರ."

"ಖುದಾ ಕಸಂ, ಗಂಟ ನಾ ಮುಟ್ಟಂಗಿಲ್ಲ ಬಸಪ್ಪಾ. ಬರೇ ಕಾಲ ಒತ್ತಿ ಹೋಗ್ತೀನಿ."

ನಾಲ್ಕಕ್ಷರ ಕಲಿತವನಿಗೆ ಈಕೆ ಎದುರಾಡುವುದೇ ಎಂದು ಸಿಟ್ಟು ಬಂತು. ಬಾಗಿಲು ಹಾಕಿದೆ. ಒಳಗಿನಿಂದ ನೀನು ಕೇಳಿದೆ, "ಹುಸೇನಬಿ ಬರ್ಲಿಲ್ಲೇನೋ?" ನಿಜ ಹೇಳಿದರೆ ಹಟ ಹಿಡಿಯುತ್ತೀ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಆಕೀದು ಕೂಸುಗೋಳ ಮೈ ತಿಕ್ಕೋ ಕೈ. ನಿನ್ನ ಹುಣ್ಣಿಗಿ ಅಂಜ್ತಾಳ. ಬರಂಗಿಲ್ಲ ಅಂದ್ಳು."

ನೀನು ಸೆರಗನ್ನು ಹುಣ್ಣಿನ ಮೇಲೆ ಎಳೆದುಕೊಂಡೆ. ಆಮೇಲೆ, "ಖರೇನ ಅದ. ಆಕೀದೇನೂ ತಪ್ಪಿಲ್ಲ ಬಿಡು" ಎಂದೆ.

ಅವತ್ತಿನಿಂದ ನಿನ್ನ ತಟ್ಟೆ, ತಂಬಿಗೆಗಳನ್ನು ನೀನೇ ಬೇರೆ ಇಟ್ಟುಕೊಂಡೆ. ನನ್ನ ಮಗಳು ಓಡಿ ಬಂದರೆ ದೂರದಿಂದಲೇ ಕೈ ಅಡ್ಡ ಹಿಡಿದೆ. ನಿದ್ದೆಯೂ ದೂರವಾಯಿತು. ನಿನ್ನ ಮೈಗೆ ನೀನೇ ಹೇಸುವಂತೆ ಮಾಡಿದವನು ನಾನು, ಅಕ್ಕಾ. ರೋಗವಲ್ಲ. ಅದನ್ನೆಲ್ಲ ನೋಡುತ್ತ ಅದೇ ಪಡಸಾಲೆಯಲ್ಲಿ ಕೂತು ನಾನು ಊಟ ಮಾಡಿದೆ. ಗಂಟಲಲ್ಲಿ ಹೇಗೆ ಇಳಿಯಿತೋ?

ಔಷಧಕ್ಕೆಂದು ಮತ್ತೆ ಕಲಬುರಗಿಗೆ ಹೋದಾಗ ಡಾಕ್ಟರು, "ನಿದ್ದೆ ಬರುತ್ತದೆಯೇ? ಮೆಲ್ಲಗೆ ಕೈಕಾಲು ಒತ್ತಿಸಿ, ಸಮಾಧಾನವಾಗುತ್ತದೆ. ನಾನು ಬೇಡ ಎಂದದ್ದು ಗಂಟಿಗೆ ಮಾತ್ರ" ಎಂದರು. ಬಂಡಿ ಸೀದಾ ಹುಸೇನಬಿಯ ಮನೆಗೇ ಬಿಡಬೇಕೆಂದುಕೊಂಡು ಹೊರಟೆ. ಆದರೆ ಅವಳು ಬಂದು ಕೂತರೆ ನನ್ನ ಸುಳ್ಳು ಹೊರಬೀಳುತ್ತದಲ್ಲ? ಊರು ಬಂತು. ಅವಳ ಓಣಿಯ ಕಡೆ ಬಂಡಿ ಹೊರಳಿಸಲಿಲ್ಲ.

ನಾನೇ ಎಣ್ಣೆ ತಂದು ನಿನ್ನ ಕಾಲ ಬಳಿ ಕೂತೆ. ನೀನು ಕಾಲು ಮಡಚಿಕೊಂಡೆ. "ಮುಟ್ಟಬ್ಯಾಡೋ ಬಸೂ. ಮಕ್ಕಳ್ನ ಎತ್ತಿ ಆಡಸ್ತೀ." ಆಗಲಾದರೂ ಹೇಳಬಹುದಿತ್ತು. ಅಕ್ಕಾ, ಅದು ಸುಳ್ಳು, ನಾನೇ ಆಕೆಯನ್ನು... ಇಷ್ಟೇ ಮಾತು. ನಾಳೆ ಹೇಳಿದರಾಯಿತು ಎಂದು ಎಣ್ಣೆಯ ಬಟ್ಟಲು ಒಳಗಿಟ್ಟು ಬಂದೆ. ನಾಲ್ಕು ನಾಳೆಗಳು ಕಳೆದವು. ಐದನೆಯದಕ್ಕೆ ನೀನಿರಲಿಲ್ಲ.

ಮೊನ್ನೆ ಶುಕ್ರವಾರ, ನಮಾಜಿನ ದಿನವೆಂದು ಕಚೇರಿಗೆ ವಾರದ ರಜೆ. ಹುಸೇನಬಿಯ ಮನೆಗೆ ಹೋಗಿ ಒಂದೂ ಮುಚ್ಚಿಡದೆ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಅಕ್ಕೋರು ನನಗ ಬೈದ್ರೇನು?"

"ಇಲ್ಲ. ನಿಂದೇನೂ ತಪ್ಪಿಲ್ಲ ಅಂದ್ಳು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಬೈದಿದ್ರ ಛಲೋ ಇತ್ತು ಬಸಪ್ಪಾ. ಒಂದೀಟು ಹಗುರಾಗಿ ಹೋಗ್ತಿದ್ರು."

ನಿನಗೆ ಯಾರೂ ಹೇಳದ ಸುದ್ದಿ ಇದು. ನಾನು ತಡೆದ ಮೇಲೂ ಹುಸೇನಬಿ ದಿನಾ ಮಧ್ಯಾಹ್ನ ಬಂದು ನಮ್ಮ ಹಿತ್ತಲ ಗೋಡೆಯ ಆಚೆ ಕೂತಿರುತ್ತಿದ್ದಳಂತೆ. ನೀನು ನರಳುವುದು ಅಲ್ಲಿಗೆ ಕೇಳಿಸುತ್ತಿತ್ತಂತೆ. ಯಾರಾದರೂ ಕರೆದಾರು ಎಂದು ಹೊತ್ತು ಇಳಿಯುವವರೆಗೆ ಕಾಯುತ್ತಿದ್ದಳಂತೆ.

ನಿನ್ನ ತಮ್ಮ,
ಬಸಪ್ಪ