ಕರಿ ಕುದುರೆಯ ಕಳ್ಳ

ಶ್ರೀರಾಂಪುರ, ಮೈಸೂರು
೧೪ ನವೆಂಬರ್ ೨೦೦೪, ಭಾನುವಾರ

ಪ್ರೀತಿಯ ಬಸವ,

ಇದನ್ನು ಕಟಕಟೆಯಲ್ಲಿ ನಿಂತ ಆರೋಪಿಯ ಹೇಳಿಕೆ ಎಂದು ಭಾವಿಸತಕ್ಕದ್ದು. ಇತಿಹಾಸದ ಲೆಕ್ಚರರ್, ವಯಸ್ಸು ಐವತ್ತೆರಡು, ಈ ಹಿಂದೆ ಕಾಲೇಜಿನ ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಕದ್ದು ಗೊತ್ತಿಲ್ಲದ ವಿಶ್ವನಾಥನೆಂಬ ನಾನು, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಹೋದ ವರ್ಷ ಯುಗಾದಿಯ ಮರುದಿನ, ಬೋಗಾದಿಯ ನಿನ್ನ ಮನೆಯ ಮುಂದಿನ ಕೋಣೆಯಲ್ಲಿ, ನಿಮ್ಮಪ್ಪ ಏಕಾಂತಯ್ಯನವರ ಕಾಲದ ಬೀಟೆ ಮರದ ಚದುರಂಗದಿಂದ ಒಂದು ಕರಿ ಕುದುರೆಯನ್ನು ಜುಬ್ಬದ ಜೇಬಿಗೆ ಇಳಿಸಿದವನು ನಾನೇ.

ನೀನು ಮಂಚದಡಿ ಹುಡುಕಿದೆ. ಅತ್ತಿಗೆ ಪೊರಕೆ ತಂದರು. ನಾನೂ ಮೊಣಕಾಲೂರಿ, ಜೇಬಿನಲ್ಲಿ ಕುದುರೆಯ ಕಿವಿ ತೊಡೆಗೆ ಚುಚ್ಚುತ್ತಿದ್ದರೂ, ಬೀರುವಿನ ಕೆಳಗೆ ಬಗ್ಗಿ ನೋಡಿ "ಇಲಿ ಕಚ್ಕೊಂಡು ಹೋಗಿರ್ಬೇಕು ಕಣೋ" ಎಂದೆ. ಅಂದಿನಿಂದ ಆ ಸೆಟ್ಟಿನಲ್ಲಿ ಕುದುರೆಯ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ನಿಂತಿದೆ. ಗಣಪತಿ ಇಲಿಯ ಮೇಲೆ ಕೂರುವುದನ್ನು ಕೇಳಿದ್ದೆವು. ಇಲಿಯೇ ಕುದುರೆ ಸವಾರಿ ಮಾಡಿದ್ದನ್ನು ನಾವಿಬ್ಬರೇ ನಂಬಿದ್ದು. ನಿಜ ಹೇಳಬೇಕೆಂದರೆ ನೀನೊಬ್ಬನೇ.

ಉದ್ದೇಶವೇನೆಂದು ನ್ಯಾಯಾಧೀಶರು ಕೇಳಬಹುದು. ನನ್ನ ಮೂಗು. ಕಾಲೇಜಿನ ದಿನದಿಂದ ನೀನು ನನ್ನ ವಿರುದ್ಧ ಗೆದ್ದದ್ದು ಹಲಗೆ ನೋಡಿಯಲ್ಲ, ಮೂಗು ನೋಡಿ. ನನಗೆ ಸೋಲು ಕಂಡ ಕೂಡಲೇ ಮೂಗಿನ ತುದಿ ಬೆವರುತ್ತದೆ. ಅದು ನನಗಿಂತ ಮೊದಲು ನಿನಗೆ ಕಾಣುತ್ತದೆ. ನೀನು ಕುರ್ಚಿಗೆ ಒರಗಿ "ಮೂಗು ಒರೆಸ್ಕೊಳೋ ಮೇಷ್ಟ್ರೇ, ಆಟ ಮುಗೀತು" ಅನ್ನುತ್ತಿದ್ದೆ. ಕಂಪ್ಯೂಟರಿಗೆ ಕಣ್ಣಿಲ್ಲ, ನನ್ನ ಮೂಗು ಅದಕ್ಕೆ ಕಾಣದು ಎಂದು ನನ್ನ ಲೆಕ್ಕ. ಸೆಟ್ಟು ಕುಂಟಾದರೆ ನೀನು ದಾರಿಗೆ ಬರುತ್ತೀಯೆಂದು ಗೊತ್ತಿತ್ತು, ಬಂದೆ. ನಿನ್ನ ಮಗಳು ನಿಶ್ಚಿತಾ ಓದಿಗೆಂದು ತರಿಸಿ, ಹಾಸ್ಟೆಲ್ಲಿಗೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರು ಹೇಗೂ ಧೂಳು ತಿನ್ನುತ್ತಿತ್ತು. ಅವರವರ ಮನೆಯಲ್ಲೇ ಕೂತು ಫೋನಿನ ತಂತಿಯ ಮೇಲೆ ಆಡತೊಡಗಿದೆವು. ಅದನ್ನು ಅಂತರ್ಜಾಲ ಅನ್ನುತ್ತಾರೆ. ಹೆಸರಿನಲ್ಲೇ ಜಾಲವಿತ್ತು, ಬೀಸಿದವನು ನಾನು.

ಅಲ್ಲಿ ನಾನು 'ವಿಶ್ವವಿಜೇತ' ಎಂದು ಹೆಸರಿಟ್ಟುಕೊಂಡೆ. ನೀನು 'ಕೋಲೆಬಸವ' ಎಂದು ಇಟ್ಟುಕೊಂಡೆ. "ತಲೆ ಆಡ್ಸೋದೊಂದೇ ಕಣೋ ನನ್ ಕೆಲಸ, ಆಟ ಎಲ್ಲಾ ನಿಂದೇ" ಎಂದು ನಕ್ಕೆ. ಈ ಪತ್ರವನ್ನು ಅತ್ತಿಗೆ ಓದುತ್ತಿರುವಾಗ ನೀನು ತಲೆಯಾಡಿಸುತ್ತಿರುತ್ತೀಯ. ಆ ಹೆಸರಿನ ಬಗ್ಗೆ ಮುಂದೆ ಬರೆಯಲಾರೆ.

ಹೋದ ಗುರುವಾರ ಅತ್ತಿಗೆ ಫೋನ್ ಮಾಡಿದ್ದರು. ಲಕ್ವ ಹೊಡೆದು ನಿನ್ನ ಮಾತೂ ಬಲಗೈಯೂ ಹೋದ ಮೇಲೆ, ಆಸ್ಪತ್ರೆಯಲ್ಲಿ ಎರಡು ಸಲ ಮುಖ ತೋರಿಸಿ ಮೂರು ತಿಂಗಳಿಂದ ತಲೆ ತಪ್ಪಿಸಿಕೊಂಡವನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. "ಮೇಷ್ಟ್ರೇ, ಇವ್ರಿಗೆ ಬುದ್ಧಿ ಐತೋ ಇಲ್ವೋ ನೀವೇ ಬಂದು ನೋಡಿ ಹೇಳಿ" ಎಂದರು. ನಡೆದದ್ದು ಅವರ ಬಾಯಿಂದಲೇ ಕೇಳಿದೆ. ನಿನ್ನ ಭಾಮೈದ ಶಿವಕಿರಣ ಮಂಚದ ಮೇಲೆ ಹಲಗೆ ಹಾಸಿ ನಿನ್ನ ಎಡಗೈಯಿಂದ ಆಡಿಸಿದನಂತೆ. ನೀನು ಮೂರು ನಡೆ ಸರಿಯಾಗಿ ಆಡಿ, ನಾಲ್ಕನೆಯದಕ್ಕೆ ರಾಜನನ್ನು ಎತ್ತಿ ಕುದುರೆಯ ಹಾಗೆ ನೆಗೆಸಿಬಿಟ್ಟೆಯಂತೆ. ಅವನು ವಾಪಸ್ ಇಟ್ಟ. ನೀನು ಮತ್ತೆ ನೆಗೆಸಿದೆ. ಮಾರನೆಯ ದಿನವೂ ಹಾಗೇ. "ಭಾವನ್ ತಲೆ ಪೂರ್ತಿ ಹೋಗ್ಬುಟ್ಟದೆ ಕಣಕ್ಕ, ರಾಜ ಯಾವ್ದು ಕುದುರೆ ಯಾವ್ದು ಗೊತ್ತಾಯ್ತಿಲ್ಲ" ಎಂದು ನಿನ್ನೆದುರಿಗೇ ಹೇಳಿದನಂತೆ. ಅಲ್ಲಿಂದ ಎಲ್ಲರೂ ಎಲ್ಲವನ್ನೂ ನಿನ್ನೆದುರಿಗೇ ಹೇಳತೊಡಗಿದ್ದಾರೆ. ಮುಂದಿನ ಕೋಣೆಯನ್ನು ಡಿಸೆಂಬರಿನಿಂದ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುವುದು, ನಿನ್ನ ಮಂಚವನ್ನು ಹಿಂದಿನ ಸಾಮಾನಿನ ಕೋಣೆಗೆ ಹಾಕುವುದು. "ಅವ್ರಿಗೆಲ್ಲಿದ್ರೂ ಒಂದೇಯ, ಕಿಟಕಿ ಯಾಕೆ" ಎಂದು ಮಾತಾಗಿದೆಯಂತೆ. ನಿನ್ನ ಕಣ್ಣಲ್ಲಿ ನೀರು ಬಂದಾಗ ಅದಕ್ಕೂ ಕಣ್ಣಿನ ಹನಿಯೌಷಧ ಬಿಟ್ಟರಂತೆ.

ಅತ್ತಿಗೆ, ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಶಿವಕಿರಣನನ್ನು ಕರೆಯಿರಿ. ಅವನು ಕಲಿತದ್ದು ಶಾಲೆಯ ಚೆಸ್ಸು. ಬಸವ ಕಲಿತದ್ದು ಜಗಲಿಯ ಚದುರಂಗ, ಅಪ್ಪನ ಎದುರು ಕೂತು. ನಮ್ಮ ನಾಟಿ ಆಟದಲ್ಲಿ ಕೋಟೆ ಕಟ್ಟುವುದಿಲ್ಲ. ಅದರ ಬದಲು, ಇನ್ನೂ ಶಹ ಬೀಳದ ರಾಜನಿಗೆ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ನೆಗೆತ ಉಂಟು. ಕಾಲೇಜಿನಲ್ಲಿ ಹೊಸ ಕಾನೂನು ಕಲಿತ ಮೇಲೂ, ಇಕ್ಕಟ್ಟಿಗೆ ಸಿಕ್ಕಾಗ ಇವನ ಕೈ ರಾಜನ ತಲೆಯ ಮೇಲೆ ಹೋಗಿ ಹಿಂದೆ ಬರುತ್ತಿತ್ತು. "ಅಪ್ಪ ಇದ್ದಿದ್ರೆ ನೆಗ್ಸಿರೋನು" ಅನ್ನುತ್ತಿದ್ದ. ಅದು ಕೆಟ್ಟ ತಲೆಯ ಕೆಲಸವಲ್ಲ. ಆಮೇಲೆ ಕಲಿತ ಪಾಠ ಅಳಿಸಿಹೋಗಿ ಮೊದಲ ಪಾಠ ಉಳಿದಿರಬಹುದು, ಅಷ್ಟೇ. ಅವನು ಒಂದೇ ಸಲ ನೆಗೆಸಿದ್ದು, ವಾಪಸ್ ಇಟ್ಟದ್ದಕ್ಕೆ ಮತ್ತೆ ನೆಗೆಸಿದ್ದು. ಶಹ ಬೀಳುವ ಮೊದಲೇ ನೆಗೆಸಿದ್ದು. ಇದು ಕಾನೂನು ಬಲ್ಲವನ ನಡೆ. ಅವನಿಗೆ ಎಲ್ಲವೂ ತಿಳಿಯುತ್ತಿದೆ. ಕಿಟಕಿಯ ಮಾತೂ ತಿಳಿದಿದೆ.

ಬಸವ, ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದಕ್ಕೆ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಇತಿಹಾಸದ ಮೇಷ್ಟರು ನೇರ ದಾರಿ ಹಿಡಿದ ಉದಾಹರಣೆ ಇತಿಹಾಸದಲ್ಲಿಲ್ಲ.

ಅಂತರ್ಜಾಲದಲ್ಲಿ ನಾನು ಹೇಗೆ ಒದ್ದಾಡಿದೆನೆಂದು ನಿನಗೆ ಗೊತ್ತು. ಸಂಬಳದಲ್ಲಿ ಮಧ್ಯಮ, ಎತ್ತರದಲ್ಲಿ ಮಧ್ಯಮ, ಅಲ್ಲಿಯೂ ಮಧ್ಯಮ. ಗೆದ್ದರೆ ಏರಿ ಸೋತರೆ ಇಳಿಯುವ ಆ ಅಂಕ ಸಾವಿರದ ನಾನೂರರ ಹತ್ತಿರ ಬೇರುಬಿಟ್ಟು ಕೂತಿತ್ತು. ಮೊದಲ ಹತ್ತು ನಡೆ ಪಂಡಿತನ ಹಾಗೆ ಆಡಿ, ಹನ್ನೊಂದನೆಯದರಲ್ಲಿ ಮಂತ್ರಿಯನ್ನು ಪುಕ್ಕಟೆ ದಾನ ಮಾಡುತ್ತಿದ್ದೆ. ತಪ್ಪನ್ನು ಮೌಸಿನ ಮೇಲೆ ಹಾಕುತ್ತಿದ್ದೆ. ಸೋತ ಸಿಟ್ಟಿಗೆ ಆ ಕ್ಷಣವೇ ಇನ್ನೊಂದು ಆಟ, ಅದನ್ನೂ ಸೋತು ಮತ್ತೊಂದು. ಫೋನ್ ಬಿಲ್ಲು ನೋಡಿ ನನ್ನ ಮನೆಯಾಕೆ ನಿನ್ನ ಬಳಿ ದೂರು ಕೊಟ್ಟಳು.

ಆಗ ನೀನು ಪಾಠ ಶುರುಮಾಡಿದೆ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಹಗಲೆಲ್ಲ ಚೆಕಿಂಗ್ ಸೆಕ್ಷನ್ನು, ಸಂಜೆ ನನಗೆ ಚೆಕ್ಕು. "ಸೋತಿದ್ದನ್ನ ಮತ್ತೆ ಆಡಿ ನೋಡು, ಗೆದ್ದಿದ್ದನ್ನ ನೋಡ್ಬೇಡ, ಅದರಲ್ಲಿ ನಿನ್ ಕೈಚಳಕ ಏನೂ ಇರಲ್ಲ" ಎಂದೆ. ದಿನಕ್ಕೆ ಒಂದೇ ಆಟ, ಅದೂ ದೊಡ್ಡ ಆಟ, ತಲೆಗೆ ಮುಕ್ಕಾಲು ಗಂಟೆ. ಕೊನೆಯಲ್ಲಿ ಬರೀ ರಾಜ, ಕಾಲಾಳು ಉಳಿದಾಗ ಏನು ಮಾಡಬೇಕೆಂದು ಮೊದಲು ಕಲಿಯಬೇಕು. ಕಾಲಾಳು ಎಂದರೆ ಕಾಲದ ಆಳು, ಅವಸರಪಡಿಸಿದರೆ ಸಾಯುತ್ತದೆ ಎಂದು ನಾನು ಶ್ಲೇಷೆ ಹೊಡೆದಾಗ, "ನೀನು ಮಾತು ಕಡಿಮೆ ಆಡಿ ಆಟ ಜಾಸ್ತಿ ಆಡು" ಎಂದು ಬೈದೆ. ಎಲ್ಲಕ್ಕಿಂತ ದೊಡ್ಡ ಪಾಠ ಇದು: "ನಾನು ಒಂದ್ ಕಾಯಿ ನಡೆಸ್ದಾಗ, ಇವನ್ಯಾಕೆ ಹಿಂಗೆ ಮಾಡ್ದ ಅಂತ ಕೇಳ್ಕೊ. ನಾನು ಸುಮ್ನೆ ಕೂತಿದ್ರೂ ಕೇಳ್ಕೊ, ಯಾಕೆ ಕೂತ ಅಂತ."

ಫಲ ಸಿಕ್ಕಿತು. ಮಂತ್ರಿದಾನ ನಿಂತಿತು. ಸಾವಿರದ ಐನೂರು ದಾಟಿದೆ. ಆಗಸ್ಟಿನ ಆ ಶನಿವಾರ ಸಂಜೆ, ಬಸವ, ನಿನ್ನನ್ನೇ ಸೋಲಿಸಿ ಸಾವಿರದ ಆರುನೂರು ಮುಟ್ಟಿದೆ. ನಿನ್ನ ಗಡಿಯಾರ ಓಡಿಹೋಗಿ ಬಂದ ಗೆಲುವು ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಹಲಗೆಯ ಮೇಲೂ ನನ್ನ ಕೈ ಮೇಲಿತ್ತು ಎಂಬುದನ್ನು ದಾಖಲಿಸಬಯಸುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಗೆಲುವು. ಅದನ್ನು ನನ್ನಿಂದ ಕಿತ್ತುಕೊಳ್ಳಬೇಡ.

ಆ ಸಂಜೆ ನೀನು ಬಹಳ ಹೊತ್ತು ನಡೆ ಆಡಲಿಲ್ಲ. ನಾನು ಚಾಟಿನಲ್ಲಿ ಕೆಣಕಿದೆ: "ಏನೋ, ನಿದ್ದೆ ಹೊಡೀತಿದ್ದೀಯಾ?" ಉತ್ತರ ಬರಲಿಲ್ಲ. "ಮಂತ್ರಾಲೋಚನೆಯೋ, ಮೂತ್ರಾಲೋಚನೆಯೋ?" ಎಂದೆ. ನನ್ನ ಅತ್ಯುತ್ತಮ ಶ್ಲೇಷೆಯೆಂದು ನಾನೇ ನಕ್ಕೆ. ಆಗ ನೀನು ಕುರ್ಚಿಯಿಂದ ಜಾರಿ ನೆಲದ ಮೇಲೆ ಬಿದ್ದಿದ್ದೆ. ಸ್ವಲ್ಪ ಹೊತ್ತಿಗೆ ನಿನ್ನ ಸಂಪರ್ಕ ತಪ್ಪಿಹೋಯಿತು ಎಂದು ಪರದೆಯ ಮೇಲೆ ಬಂತು. ಸೋಲ್ತೀನಿ ಅಂತ ತಂತಿ ಕಿತ್ತನಲ್ಲ, ಹೇಡಿ, ಅಂದುಕೊಂಡೆ. ಕಿತ್ತವರು ಅತ್ತಿಗೆ. ಕಂಪ್ಯೂಟರಿನ ತಂತಿ ಕೀಳದೆ ಫೋನ್ ಮಾಡುವಂತಿರಲಿಲ್ಲ. ಮಾಡಿದ್ದು ನನಗೆ, ಯಾಕೆಂದರೆ ಹತ್ತಿರದವರಲ್ಲಿ ಕಾರಿದ್ದವನು ನಾನೊಬ್ಬನೇ. ನನ್ನ ದುರದೃಷ್ಟಕ್ಕೆ ಅಂದು ನಮ್ಮ ಫೋನು ಸತ್ತಿತ್ತು. ಹೊಸ ಬಡಾವಣೆಯ ಒಳಗೆ ಆಟೋ ಸಿಗದೆ, ಕೊನೆಗೆ ಪಕ್ಕದ ಸೈಟಿಗೆ ಇಟ್ಟಿಗೆ ತಂದ ಟೆಂಪೊದಲ್ಲಿ ನಿನ್ನನ್ನು ಸಾಗಿಸಿದರು. ನಾನು ಆಸ್ಪತ್ರೆ ಸೇರುವಾಗ ನಿನ್ನ ಅಂಗಿಯ ಮೇಲೆಲ್ಲ ಇಟ್ಟಿಗೆಯ ಪುಡಿ. ಇನ್ನಷ್ಟು ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಅತ್ತಿಗೆ ನನ್ನ ಕಡೆ ತಿರುಗಿ, "ನೀವೇನ್ ಮಾಡಕ್ಕಾಯ್ತದೆ, ಫೋನ್ ಕೆಟ್ಟಿದ್ರೆ" ಎಂದು ನನಗೇ ಸಮಾಧಾನ ಹೇಳಿದರು. ಆಮೇಲೆ, "ಕೊನೇಲಿ ಕಂಪ್ಯೂಟರ್‌ನಲ್ಲಿ ಏನಾರಾ ಅಂದ್ರಾ ಇವ್ರು?" ಎಂದು ಕೇಳಿದರು. ಇಲ್ಲ ಎಂದೆ.

ಬರುವ ಭಾನುವಾರ ಬರುತ್ತೇನೆ. ಕುದುರೆಯನ್ನು ನನ್ನ ಕೈಯಾರೆ ಹಲಗೆಯ ಮೇಲಿಡುತ್ತೇನೆ. ಶಿವಕಿರಣನನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮಪ್ಪನ ಕಾನೂನಿನಲ್ಲಿ ಆಡೋಣ. ರಾಜನನ್ನು ನೆಗೆಸು. ಅಲ್ಲಿಯತನಕ ಮಂಚ ಕದಲಿಸಲು ಬಿಡಬೇಡ.

ಎಂದೆಂದಿಗೂ ನಿನ್ನ ಸೋತ ಗೆಳೆಯ, ಒಂದು ಸಲ ಮಾತ್ರ ಗೆದ್ದವ,
ವಿಶ್ವ

ಮರೆತ ಮಾತು: ಅತ್ತಿಗೆ, ಇದು ನಿಮಗೆ. ಮೊದಲು ನೀವೊಬ್ಬರೇ ಓದಿ.

ಭಾನುವಾರ ಬರುತ್ತೇನೆಂದು ಮೇಲೆ ಬರೆದೆ. ನಂಬಬೇಡಿ. ಕಳೆದ ಎರಡು ಭಾನುವಾರವೂ ಬೋಗಾದಿಯವರೆಗೆ ಬಂದು ನಿಮ್ಮ ಬೀದಿಯ ತಿರುವಿನಲ್ಲಿ ಕಾರು ತಿರುಗಿಸಿಕೊಂಡು ಹೋದೆ. ಮೂರನೆಯ ಸಲವೂ ಹಾಗಾದರೆ ಎಂದು ಕುದುರೆಯನ್ನು ಈ ಪೊಟ್ಟಣದಲ್ಲೇ ಇಟ್ಟಿದ್ದೇನೆ. ಬಾಡಿಗೆಯ ಹುಡುಗರು ಬರುವ ಮೊದಲೇ ಬಸವನ ಬುದ್ಧಿ ನಿಮ್ಮೆಲ್ಲರಿಗೂ ಕಾಣಬೇಕು. ಅದಕ್ಕೆ ನಾನು ಬೇಕಿಲ್ಲ, ಈ ಕುದುರೆ ಸಾಕು.

ಹಲಗೆ ಹಾಸಿ, ಕರಿ ಕಾಯಿಗಳ ಕಡೆ ಅವನನ್ನು ಕೂರಿಸಿ. ನೀವು ಬಿಳಿಯ ಕಡೆ ಕೂತು, ನಿಮ್ಮ ಹತ್ತಿರದ ಸಾಲಿನ ಬಲ ಮೂಲೆಯಲ್ಲಿ ಬಿಳಿ ರಾಜನನ್ನಿಡಿ. ಅವನ ಎಡಪಕ್ಕದಲ್ಲಿ ಬಿಳಿ ಆನೆ. ಇಬ್ಬರ ಮುಂದೆಯೂ ಒಂದೊಂದು ಬಿಳಿ ಕಾಲಾಳು. ಆನೆಯ ಮುಂದಿರುವ ಕಾಲಾಳಿನಿಂದ ನೇರ ಮುಂದಕ್ಕೆ ಒಂದು ಮನೆ ಖಾಲಿ ಬಿಟ್ಟು, ಅದರಾಚೆ ಮನೆಯಲ್ಲಿ ಈ ಕರಿ ಕುದುರೆ. ಉಳಿದ ಕಾಯಿ ಬೇಡ. ಅವನ ಎಡಗೈಯನ್ನು ಬಿಟ್ಟುಬಿಡಿ, ಏನೂ ಹೇಳಬೇಡಿ. ಕುದುರೆ ಒಂದೇ ನೆಗೆತಕ್ಕೆ ನನ್ನ ರಾಜನನ್ನು ಕಟ್ಟಿಹಾಕುತ್ತದೆ. ತನ್ನದೇ ಆನೆ, ತನ್ನದೇ ಕಾಲಾಳುಗಳ ನಡುವೆ ರಾಜನಿಗೆ ಉಸಿರಾಡಲೂ ಜಾಗವಿಲ್ಲ. ಅದು ಶಹಮಾತು. ಶಿವಕಿರಣನಿಗೆ ಅಷ್ಟು ಚೆಸ್ಸು ಗೊತ್ತು, ಅವನೇ ಹೇಳುತ್ತಾನೆ.

ಆ ಶನಿವಾರ ಹಲಗೆಯ ಆ ಮೂಲೆ ಹೀಗೇ ಇತ್ತು. ನಡೆ ಅವನದಿತ್ತು. ನನಗೆ ಕಂಡಿತ್ತು, ಅವನಿಗೆ ನನಗಿಂತ ಮೊದಲೇ ಕಂಡಿತ್ತು. ಆ ಗೆಲುವು ನನ್ನದಲ್ಲ.

ಫೋನು ಸತ್ತಿರಲಿಲ್ಲ. ಅದೇ ತಂತಿಯಲ್ಲಿ ನಾನು ಕೂತಿದ್ದೆ. ಅವನ ಸಂಪರ್ಕ ತಪ್ಪಿತೆಂದು ಬಂದಾಗ ನಾನೂ ಎದ್ದಿದ್ದರೆ ನಿಮ್ಮ ಕರೆ ನನಗೆ ಸಿಗುತ್ತಿತ್ತು. ಆದರೆ ಅವನ ಗಡಿಯಾರದಲ್ಲಿ ಇನ್ನೂ ಕಾಲು ಗಂಟೆ ಉಳಿದಿತ್ತು. ಅದು ಸೊನ್ನೆಯಾಗುವುದನ್ನು ನೋಡಬೇಕೆಂದು ಕಾದೆ. ಆದ ಮೇಲೂ ಆ ಸಾವಿರದ ಆರುನೂರನ್ನು ನೋಡುತ್ತಾ ಕೂತೆ. ನೀವು ಅತ್ತ ಮತ್ತೆ ಮತ್ತೆ ನಂಬರು ತಿರುಗಿಸುತ್ತಿದ್ದಿರಿ.

ಕೊನೆಗೆ ಅವನು ಏನಾದರೂ ಅಂದನೇ ಎಂದು ಕೇಳಿದ್ದಿರಿ. ಅಂದ. ಬೀಳುವ ಮುಂಚೆ, ಎರಡು ಮೈಲಿ ಆಚೆಯಿಂದ, ನನ್ನ ಮುಖ ಕಾಣದೆಯೇ ಅಕ್ಷರ ಒತ್ತಿ ಕಳಿಸಿದ್ದ: "ಮೂಗು ಒರೆಸ್ಕೊಳೋ ಮೇಷ್ಟ್ರೇ."

ಇಷ್ಟನ್ನು ಅವನಿಗೆ ಓದುವುದೂ ಬಿಡುವುದೂ ನಿಮಗೆ ಸೇರಿದ್ದು. ಓದದಿದ್ದರೆ ಒಂದು ಮಾತು ಮಾತ್ರ ಹೇಳಿ, ಅವನಿಗೆ ಉಳಿದದ್ದೆಲ್ಲ ತಿಳಿಯುತ್ತದೆ: ಇದನ್ನು ಬರೆಯುವಾಗ ನನ್ನ ಮೂಗು ಬೆವರುತ್ತಿತ್ತು, ಒರೆಸಿಕೊಳ್ಳಲಿಲ್ಲ.